ಪಹಣಿ ದುಡ್ಡು, ಬೆಳೆ ದುಡ್ಡು

ಎರಡು ಸಾವಿರ ರೂಪಾಯಿ ಬೆಂಗಳೂರಿನಲ್ಲಿ ಒಂದು ಶನಿವಾರದ ಸಿನಿಮಾ ಮತ್ತು ಊಟಕ್ಕೆ ಮುಗಿದುಹೋಗುತ್ತೆ. ನಮ್ಮೂರಲ್ಲಿ ಅದೇ ಎರಡು ಸಾವಿರಕ್ಕೆ ಮೂರು ಹೆಸರು.

ಒಂದು, ಗೃಹಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಶುರುವಾದದ್ದು, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಇನ್ನೊಂದು, ಪಿಎಂ ಕಿಸಾನ್. ಜಮೀನಿರುವ ರೈತ ಕುಟುಂಬಕ್ಕೆ ವರ್ಷಕ್ಕೆ ಆರು ಸಾವಿರ, ಮೂರು ಕಂತು, ಕಂತಿಗೆ ಎರಡು ಸಾವಿರ. ಮೂರನೆಯದು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬೆಳೆ ಒಣಗಿದವರಿಗೆ ಹಾಕಿದ ಬರ ಪರಿಹಾರದ ಮೊದಲ ಕಂತು. ಅದೂ ಗರಿಷ್ಠ ಎರಡು ಸಾವಿರವೇ.

ಆ ಜನವರಿಯಲ್ಲಿ ಅಮ್ಮನ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಪಕ್ಕದ ಮನೆ ಹುಡುಗನ ಕೈಲಿ ಅದನ್ನ ನನಗೆ ಕಳಿಸಿ ಫೋನ್ ಮಾಡಿದಳು.

"ಇದು ಯಾವ ಎರಡು ಸಾವಿರ ನೋಡವ್ವ."

ನೋಡಿದೆ. ಗೃಹಲಕ್ಷ್ಮಿಯದು.

"ಹೊಲದ್ದಲ್ಲವಾ?"

"ಅಲ್ಲಮ್ಮ."

"ಹೂಂ" ಅಂದು ಇಟ್ಟುಬಿಟ್ಟಳು. ಊರಲ್ಲಿ ಸುಮಾರು ಮನೆಗೆ ಹೊಲದ ದುಡ್ಡು ಬಂದಿತ್ತು. ಆ ವರ್ಷ ಶೇಂಗಾ ಬಿತ್ತಿ, ಎರಡು ಸಲ ಕಳೆ ತೆಗೆದು, ಕೊನೆಗೆ ಬಳ್ಳಿಯನ್ನ ದನಕ್ಕೆ ಬಿಟ್ಟ ಅಮ್ಮನಿಗೆ ಬಂದಿರಲಿಲ್ಲ. ಯಾಕೆ ಅನ್ನೋದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಊರಿನಲ್ಲಿ ಹೊಲ ಇದ್ದು, ನಗರದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವ ನನ್ನಂಥವರು ತುಂಬಾ ಜನ ಇದ್ದೀರಿ. ನಿಮಗೆ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ.

ಅಪ್ಪನ ಹೆಸರಿನ ಹೊಲ

ನಮ್ಮದು ಚಳ್ಳಕೆರೆ ಸೀಮೆ. ಎಣ್ಣೆ ಮಿಲ್ಲುಗಳ ಊರು ಅಂತ ಹೆಸರಾದ ಜಾಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ನಮಗಿರೋದು ನಾಲ್ಕು ಎಕರೆ ಕೆಂಪು ಹೊಲ, ಬೋರ್‌ವೆಲ್ ಇಲ್ಲ, ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಏನೂ ಇಲ್ಲ. ಲೆಕ್ಕದ ಪ್ರಕಾರ ನಾವು ಬಡವರೂ ಅಲ್ಲ, ಶ್ರೀಮಂತರೂ ಅಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ರೈತರ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂ ಮುಕ್ಕಾಲು ಎಕರೆಗಿಂತ ಕಡಿಮೆ. ನೂರಕ್ಕೆ ಎಂಬತ್ತಾರು ಹಿಡುವಳಿಗಳು ಐದು ಎಕರೆಯೊಳಗಿನವು. ನಮ್ಮಂಥವರೇ ಎಲ್ಲ.

ಪಿಎಂ ಕಿಸಾನ್ 2019ರ ಫೆಬ್ರುವರಿಯಲ್ಲಿ ಶುರುವಾಯಿತು. ಮೊದಲು ಐದು ಎಕರೆಯೊಳಗಿನವರಿಗೆ ಮಾತ್ರ ಅಂದಿದ್ದರು, ಕೆಲವೇ ತಿಂಗಳಲ್ಲಿ ಜಮೀನಿರುವ ಎಲ್ಲರಿಗೂ ಅಂದರು. ಅದೇ ವರ್ಷ ಯಡಿಯೂರಪ್ಪನವರ ಸರ್ಕಾರ ರಾಜ್ಯದ ಪಾಲು ಅಂತ ವರ್ಷಕ್ಕೆ ನಾಲ್ಕು ಸಾವಿರ ಸೇರಿಸಿತು, 2023ರಲ್ಲಿ ಹೊಸ ಸರ್ಕಾರ ಅದನ್ನ ನಿಲ್ಲಿಸಿತು. ಅಪ್ಪ ಮೊದಲ ಪಟ್ಟಿಯಲ್ಲೇ ಇದ್ದ. ದುಡ್ಡು ಬಂದ ದಿನ ಪೇಟೆಗೆ ಹೋಗಿ ಗೊಬ್ಬರ ತರುತ್ತಿದ್ದ. ಈಗಿನ ದರದಲ್ಲಿ ಎರಡು ಸಾವಿರ ಅಂದ್ರೆ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ, ಬಸ್ ಚಾರ್ಜಿಗೆ ಸ್ವಲ್ಪ ಚಿಲ್ಲರೆ. ಡಿಎಪಿ ಚೀಲ 1,350, ಯೂರಿಯಾ 266 ರೂಪಾಯಿ ಐವತ್ತು ಪೈಸೆ. ಆ ದರಕ್ಕೆ ಸಿಗೋದೂ ಸರ್ಕಾರ ಕಂಪನಿಗಳಿಗೆ ಬೇರೆಯಾಗಿ ಸಬ್ಸಿಡಿ ಕೊಡೋದರಿಂದಲೇ.

2021ರಲ್ಲಿ ಅಪ್ಪ ಹೋದ. ಹೊಲ ನಿಲ್ಲಲಿಲ್ಲ. ಅಮ್ಮ ಆ ಮುಂಗಾರಿಗೇ ಬಿತ್ತಿಸಿದಳು. ಆದರೆ ಪಹಣಿಯಲ್ಲಿ ಅಪ್ಪನ ಹೆಸರೇ ಇತ್ತು. ಪಿಎಂ ಕಿಸಾನ್‌ಗೆ ಇ-ಕೆವೈಸಿ ಕಡ್ಡಾಯವಾದಾಗ ಹೆಬ್ಬೆಟ್ಟು ಕೊಡಲು ಅಪ್ಪ ಇರಲಿಲ್ಲ, ಅಲ್ಲಿಗೆ ಆ ಬಾಗಿಲು ಮುಚ್ಚಿತು. ಇದರಲ್ಲಿ ತಪ್ಪೇನೂ ಇಲ್ಲ, ತೀರಿಕೊಂಡವರಿಗೆ ದುಡ್ಡು ಹೋಗಬಾರದು. ಆದರೆ ಹೊಲ ಮಾಡ್ತಿರೋರು ತೀರಿಕೊಂಡಿರಲಿಲ್ಲವಲ್ಲ.

223 ತಾಲ್ಲೂಕು, ಒಂದು ಐಡಿ

2023ರ ಮುಂಗಾರು ನಿಮಗೂ ನೆನಪಿರುತ್ತೆ. ಬೆಂಗಳೂರಿನವರಿಗೆ ಅದರ ಬಿಸಿ ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ರೂಪದಲ್ಲಿ ತಟ್ಟಿತು. ನಮ್ಮ ಕಡೆ ಅದು ಆಗಸ್ಟ್‌ನಲ್ಲೇ ಗೊತ್ತಾಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ನಮ್ಮದೂ ಅದರಲ್ಲಿತ್ತು.

ರಾಜ್ಯ ಕೇಂದ್ರದಿಂದ ಸುಮಾರು 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಬರಲಿಲ್ಲ ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೇ ಹೋಯಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಟಿವಿಯಲ್ಲಿ ನಾವು ನೋಡಿದ್ದು ಈ ಕೋಟಿಗಳ ಜಗಳ. ರೈತನಿಗೆ ಬರುವ ಲೆಕ್ಕ ಬೇರೆ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನ ಮಿತಿಗೆ. ನಮ್ಮ ನಾಲ್ಕು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 13,750 ರೂಪಾಯಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ ಸೇರಿ ಅಮ್ಮ ಹಾಕಿದ್ದರ ಮುಂದೆ ಅದು ಸಣ್ಣ ಮೊತ್ತ. ಆದರೂ ಮುಂದಿನ ಬಿತ್ತನೆಗೆ ಬೀಜ ಆಗುತ್ತಿತ್ತು.

ಈ ದುಡ್ಡು ಯಾರೋ ಊರಿಗೆ ಬಂದು ಒಣಗಿದ ಹೊಲ ನೋಡಿ ಕೊಡುವುದಲ್ಲ. 'ಫ್ರೂಟ್ಸ್' ಅಂತ ರಾಜ್ಯದ ಒಂದು ತಂತ್ರಾಂಶ ಇದೆ. ಅದರಲ್ಲಿ ರೈತರ ಆಧಾರ್, ಸರ್ವೆ ನಂಬರ್, ಬ್ಯಾಂಕ್ ವಿವರ ಸೇರಿಸಿ ಒಂದು ಐಡಿ ಕೊಡುತ್ತಾರೆ, ಎಫ್‌ಐಡಿ ಅಂತ. ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅನ್ನೋದು ದಾಖಲಾಗುತ್ತೆ. ಎರಡೂ ಹೊಂದಿದರೆ ಪರಿಹಾರ ನೇರ ಖಾತೆಗೆ. ಬೆಂಬಲ ಬೆಲೆಯಲ್ಲಿ ಮಾರಲು, ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ತರಲು ಕೂಡ ಅದೇ ಐಡಿ. ಮಧ್ಯವರ್ತಿ ಇಲ್ಲ, ಲಂಚಕ್ಕೆ ಜಾಗ ಕಡಿಮೆ. ನಾನು ಸಾಫ್ಟ್‌ವೇರಿನಲ್ಲೇ ಕೆಲಸ ಮಾಡೋದು, ಈ ವ್ಯವಸ್ಥೆ ಕೆಟ್ಟದ್ದು ಅಂತ ಹೇಳಲ್ಲ. ಆದರೆ ಇದರ ಕಣ್ಣಿಗೆ ಹೊಲ ಕಾಣಲ್ಲ, ಹೆಸರು ಮಾತ್ರ ಕಾಣುತ್ತೆ. ನಮ್ಮ ಸರ್ವೆ ನಂಬರಿನ ಮುಂದೆ ಇದ್ದ ಹೆಸರಿನ ಮನುಷ್ಯ ಇರಲಿಲ್ಲ. ಇದ್ದ ಮನುಷ್ಯಳ ಹೆಸರು ಇರಲಿಲ್ಲ.

ನಮ್ಮದು ಅಪರೂಪದ ಕೇಸ್ ಅಂದುಕೊಂಡಿದ್ದೆ. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸಲು ಶುರು ಮಾಡಿದಾಗ ಗೊತ್ತಾಯಿತು, ಲಕ್ಷಗಟ್ಟಲೆ ಪಹಣಿಗಳು ತೀರಿಕೊಂಡವರ ಹೆಸರಲ್ಲೇ ಇವೆ.

ಯಾರ ಹೆಸರಿಗೆ?

ಪೌತಿ ಖಾತೆ ಮಾಡಿಸಬೇಕು ಅಂತ ನಾನು, ತಮ್ಮ ರಜೆ ಹಾಕಿ ಊರಿಗೆ ಹೋದೆವು. ಪೌತಿ ಅಂದ್ರೆ ತೀರಿಕೊಂಡವರ ಖಾತೆಯನ್ನ ವಾರಸುದಾರರ ಹೆಸರಿಗೆ ಬದಲಾಯಿಸೋದು. ಮರಣ ಪ್ರಮಾಣ ಪತ್ರ ಬೇಕು, ವಂಶವೃಕ್ಷ ಬೇಕು, ಅರ್ಜಿ ನಾಡಕಚೇರಿಯಲ್ಲಿ. ಆಮೇಲೆ ತಕರಾರು ಇದ್ದವರು ಹೇಳಿ ಅಂತ ನೋಟಿಸ್, ಯಾರೂ ಹೇಳದಿದ್ದರೆ ಮ್ಯುಟೇಶನ್. ಕಾಗದದ ಕೆಲಸ ಇಷ್ಟೇ. ಕಷ್ಟ ಬಂದಿದ್ದು ಮನೆಯೊಳಗೆ.

ಚಿಕ್ಕಪ್ಪ ಬಂದು ಜಗುಲಿ ಮೇಲೆ ಕೂತರು. ಅವರದು ಕೆಟ್ಟ ಮನಸ್ಸಲ್ಲ, ಅಪ್ಪ ಹೋದಾಗ ಎಲ್ಲಕ್ಕೂ ನಿಂತವರು ಅವರೇ.

"ಗಂಡುಮಗ ಇರುವಾಗ ಅತ್ತಿಗೆ ಹೆಸರಿಗೆ ಯಾಕವ್ವ? ನಾಳೆ ಮತ್ತೆ ಬದಲಾಯಿಸೋದು ಇದ್ದೇ ಐತೆ. ಒಂದೇ ಸಲ ಹುಡುಗನ ಹೆಸರಿಗೆ ಮಾಡ್ಸಿ, ಓಡಾಟ ತಪ್ಪುತ್ತೆ."

ಊರಿನ ಲೆಕ್ಕದಲ್ಲಿ ಇದು ಸಹಜವಾದ ಮಾತು. ಅದೇ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಹೆಂಗಸರು ನಡೆಸುವ ಹಿಡುವಳಿ ನೂರಕ್ಕೆ ಹದಿನಾಲ್ಕರಷ್ಟು ಮಾತ್ರ. ನಮ್ಮೂರ ಶೇಂಗಾ ಹೊಲದಲ್ಲಿ ಕಳೆ ತೆಗೆಯೋ ಸಾಲು ನೋಡಿದರೆ ಹದಿನಾಲ್ಕು ಜನ ಗಂಡಸರು ಸಿಕ್ಕರೆ ಹೆಚ್ಚು.

ತಮ್ಮ ಪುಣೆಯಲ್ಲಿ ಇಂಜಿನಿಯರ್, ತೆರಿಗೆ ಕಟ್ಟುತ್ತಾನೆ. ಪಿಎಂ ಕಿಸಾನ್ ನಿಯಮದಲ್ಲಿ ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರಿಗೆ ದುಡ್ಡಿಲ್ಲ. ಸರ್ಕಾರಿ ನೌಕರರಿಗಿಲ್ಲ (ಡಿ ಗ್ರೂಪ್ ಬಿಟ್ಟು), ತಿಂಗಳಿಗೆ ಹತ್ತು ಸಾವಿರ ಅಥವಾ ಹೆಚ್ಚು ಪಿಂಚಣಿ ಬರುವವರಿಗಿಲ್ಲ. ನ್ಯಾಯವಾದ ನಿಯಮವೇ. ಅವನ ಹೆಸರಿಗೆ ಖಾತೆ ಮಾಡಿದರೆ ಆರು ಸಾವಿರ ಹೋಗುತ್ತೆ ಅಂತ ಚಿಕ್ಕಪ್ಪನಿಗೆ ಹೇಳಿದೆ. ಅವರು ಒಪ್ಪಿಕೊಳ್ಳುವ ಹಾಗೆ ತಲೆ ಆಡಿಸಿದರು. ಆದರೆ ಅದು ನಿಜವಾದ ಕಾರಣ ಆಗಿರಲಿಲ್ಲ. ನಿಜವಾದ ಕಾರಣ ಹೇಳಿದ್ದು ಅಮ್ಮ, ಅಡುಗೆ ಮನೆ ಬಾಗಿಲಲ್ಲಿ ನಿಂತು:

"ಕಳೆ ಕೀಳೋಕೆ ನಾನು, ಪಹಣೀಲಿ ಅವ್ನಾ?"

ಜಗುಲಿ ಮೇಲೆ ಯಾರೂ ಮಾತಾಡಲಿಲ್ಲ. ತಮ್ಮನೇ ಮೊದಲು ನಕ್ಕದ್ದು.

ಮೊದಲು ಮೂವರ ಹೆಸರೂ ಬಂತು. ಆಮೇಲೆ ನಾನು, ತಮ್ಮ ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆವು. ಆಫೀಸಿನ ಗೆಳತಿಗೆ ಇದು ಹೇಳಿದಾಗ ಅವಳು ಗಾಬರಿಯಾದಳು. "ಹಕ್ಕು ಬಿಡುಗಡೆ ಅಂತ ಸೈನ್ ಮಾಡಿಸ್ಕೊಂಡೇ ಅಲ್ವೇನೇ ಎಷ್ಟೋ ಹೆಣ್ಣುಮಕ್ಕಳನ್ನ ಆಸ್ತಿಯಿಂದ ಆಚೆ ಹಾಕಿರೋದು?" ಅವಳು ಹೇಳಿದ್ದು ಸರಿ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಅದನ್ನ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಬರೆಸಿಕೊಳ್ಳೋ ಮನೆಗಳು ಇವತ್ತಿಗೂ ಇವೆ. ಅಣ್ಣನೋ ತಮ್ಮನೋ ಕೇಳಿದ್ದರೆ ನಾನೂ ಎರಡು ಸಲ ಯೋಚಿಸುತ್ತಿದ್ದೆ. ಇಲ್ಲಿ ಪತ್ರ ಹೋಗಿದ್ದು ಹೊಲ ಮಾಡುವವಳ ಕಡೆಗೆ. ನಮ್ಮ ಪಾಲಿಗೆ ಅದು ಬಿಡುಗಡೆ ಅನ್ನೋದಕ್ಕಿಂತ ಅವಳ ಹೆಸರು ಬರೆದಿದ್ದು.

ಹೆಬ್ಬೆಟ್ಟು ಮತ್ತು ಹೆಸರು

ಮುಂದಿನದೆಲ್ಲ ಸಲೀಸು ಅಂದುಕೊಂಡೆವು. ಆಧಾರ್‌ನಲ್ಲಿ ಅಮ್ಮನ ಹೆಸರಿನ ಕೊನೆಗೆ 'ಅಮ್ಮ' ಇದೆ, ರೇಷನ್ ಕಾರ್ಡಿನಲ್ಲಿ 'ದೇವಿ'. ಒಂದು ಕಡೆ ಅಪ್ಪನ ಇನಿಷಿಯಲ್, ಇನ್ನೊಂದು ಕಡೆ ತಾತನ ಊರಿನದು. ಊರಲ್ಲಿ ಒಬ್ಬಳನ್ನ ನಾಲ್ಕು ಜನ ನಾಲ್ಕು ಥರ ಕರೆದರೂ ಎಲ್ಲರಿಗೂ ಗೊತ್ತಾಗುತ್ತೆ. ಕಂಪ್ಯೂಟರಿಗೆ ಅವರು ನಾಲ್ಕು ಜನ. ಸರಿ ಮಾಡಿಸಲು ಮೂರು ಓಡಾಟ, ಅದರಲ್ಲಿ ಒಂದು ದಿನ ಸರ್ವರ್ ಇರಲಿಲ್ಲ.

ಇ-ಕೆವೈಸಿಗೆ ಬೆರಳಿಟ್ಟರೆ ಯಂತ್ರ ಒಪ್ಪಲಿಲ್ಲ. ಬಲಗೈ, ಎಡಗೈ, ಒರೆಸಿ, ಮತ್ತೆ. ನಲವತ್ತು ವರ್ಷ ಕುಡಗೋಲು ಹಿಡಿದ ಬೆರಳಿನಲ್ಲಿ ಗೆರೆ ಎಲ್ಲಿರುತ್ತೆ? ರೈತ ಅನ್ನೋದಕ್ಕೆ ಆ ಸವೆದ ಬೆರಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಆದರೆ ಯಂತ್ರಕ್ಕೆ ಅದೇ ಅಡ್ಡಿ. ಕೊನೆಗೆ ಪಿಎಂ ಕಿಸಾನ್ ಆ್ಯಪಿನಲ್ಲಿ ಮುಖ ತೋರಿಸಿ ಮುಗಿಸಿದೆವು. 2023ರಿಂದ ಆ ಸೌಲಭ್ಯ ಇದೆ. ನಿಮ್ಮ ಮನೆಯ ಹಿರಿಯರ ಬೆರಳು ಒಪ್ಪದಿದ್ದರೆ ಇದನ್ನ ನೆನಪಿಡಿ.

ಇನ್ನೊಂದು ನೆನಪಿಡುವ ವಿಷಯ. ಸರ್ಕಾರದ ದುಡ್ಡು ನೀವು ಪಾಸ್‌ಬುಕ್ ತೋರಿಸಿದ ಖಾತೆಗೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಆಧಾರ್ ಮೂಲಕ ಬರುವ ಹಣ, ಕೊನೆಯದಾಗಿ ಯಾವ ಬ್ಯಾಂಕ್ ಖಾತೆಗೆ ಆಧಾರ್ ಮ್ಯಾಪ್ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಅಮ್ಮನ ಸೊಸೈಟಿ ಪಾಸ್‌ಬುಕ್ಕನ್ನ ತಿಂಗಳಿಗೊಮ್ಮೆ ಎಂಟ್ರಿ ಮಾಡಿಸುತ್ತಿದ್ದರೆ, ಮೊದಲ ಕಂತು ಹೋಗಿ ಬಿದ್ದಿದ್ದು ಯಾವತ್ತೋ ತೆರೆಸಿದ್ದ ಇನ್ನೊಂದು ಖಾತೆಗೆ. ದುಡ್ಡು ಬಂದಿಲ್ಲ ಅಂತ ಜಗಳಕ್ಕೆ ಹೋಗುವ ಮೊದಲು ಇದನ್ನ ನೋಡಿಕೊಳ್ಳಿ.

ಅಪ್ಪ ತೀರಿಕೊಂಡು ವಾರಸಿನಿಂದ ಬಂದ ಹೊಲ ಆದ್ದರಿಂದ ಅಮ್ಮನಿಗೆ ಪಿಎಂ ಕಿಸಾನ್ ಸಿಕ್ಕಿತು. ಈ ಯೋಜನೆಗೆ 2019ರ ಫೆಬ್ರುವರಿ 1ರಂದು ಜಮೀನು ಯಾರ ಹೆಸರಲ್ಲಿತ್ತು ಅನ್ನೋದೇ ಲೆಕ್ಕ. ಆಮೇಲೆ ಕೊಂಡಿದ್ದಕ್ಕೆ ಐದು ವರ್ಷ ಬಾಗಿಲಿಲ್ಲ ಅಂತ ನಿಯಮ, ಸಾವಿನಿಂದ ಬಂದಿದ್ದಕ್ಕೆ ಮಾತ್ರ ವಿನಾಯಿತಿ. ಮೆಸೇಜ್ ಬಂದ ದಿನ ಅಮ್ಮ ಕೇಳಿದಳು, "ಇದು ಹೊಲದ್ದಾ?" ಹೌದು ಅಂದೆ.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಥೆ. ಆದರೆ ನಮ್ಮ ಹೊಲದಲ್ಲಿ ಇನ್ನೊಬ್ಬರಿದ್ದಾರೆ.

ಕೋರಿನ ಮಾವ

ನಾಲ್ಕರಲ್ಲಿ ಎರಡು ಎಕರೆ ಮಾತ್ರ ಅಮ್ಮ ಸ್ವಂತ ಮಾಡೋದು. ಇನ್ನೆರಡನ್ನ ಅಪ್ಪ ಇದ್ದಾಗಿನಿಂದಲೂ ಊರಿನ ಒಬ್ಬರು ಕೋರಿಗೆ ಮಾಡುತ್ತಾರೆ. ಸಂಬಂಧ ಅಲ್ಲ, ಊರ ವಾವೆಯಲ್ಲಿ ನನಗೆ ಮಾವ. ಅವರ ಹೆಸರಿಗೆ ಇರೋದು ಅರ್ಧ ಎಕರೆ, ಅದೂ ಕಲ್ಲು. ಕೋರು ಅಂದ್ರೆ ಖರ್ಚು ಅರ್ಧ, ಬೆಳೆ ಅರ್ಧ, ಗೇಮೆ ಪೂರ್ತಿ ಅವರದು. ಬಾಯಿ ಮಾತಿನ ಒಪ್ಪಂದ.

ಯಾಕೆ ಬಾಯಿ ಮಾತು? ಬರೆದರೆ ಕಾನೂನು ಒಪ್ಪಲ್ಲ. ಕರ್ನಾಟಕದಲ್ಲಿ 1974ರಿಂದ ಕೃಷಿ ಭೂಮಿಯನ್ನ ಗೇಣಿಗೆ ಕೊಡೋದು, ಸೈನಿಕರಂಥ ಕೆಲವರನ್ನ ಬಿಟ್ಟರೆ, ನಿಷೇಧ. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ ಅದು. ಉಳುವವನೇ ಹೊಲದೊಡೆಯ ಅಂತ ಹೇಳಿ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂಮಿ ಕೊಡಿಸಿತು. ನಮ್ಮ ತಾತ ಕೂಡ ಬೇರೆಯವರ ಹೊಲ ಗೇಯುತ್ತಿದ್ದವರು. ಇವತ್ತು ಅಮ್ಮನ ಹೆಸರಿಗೆ ಬಂದ ಹೊಲದಲ್ಲಿ ಒಂದು ಭಾಗ ಅವತ್ತು ತಾತ ಆ ಅರ್ಜಿ ಹಾಕಿ ಪಡೆದದ್ದು. ಆ ಕಾನೂನಿನಿಂದ ನಾನು ಓದಿದ್ದೇನೆ ಅಂದರೂ ತಪ್ಪಿಲ್ಲ.

ಅದೇ ಕಾನೂನಿನ ಕಾರಣ ಇವತ್ತಿನ ಗೇಣಿದಾರ ಕಾಗದದಲ್ಲಿ ಇಲ್ಲ. ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು. ಹನ್ನೆರಡರಲ್ಲಿ ಸಾಗುವಳಿ ಮಾಡುವವರ ಹೆಸರು. ಹೆಚ್ಚಿನ ಪಹಣಿಗಳಲ್ಲಿ ಎರಡೂ ಕಡೆ ಒಂದೇ ಹೆಸರು. ಹನ್ನೆರಡರಲ್ಲಿ ಬೇರೆ ಹೆಸರು ಬಂದರೆ ಹೊಲವೇ ಕೈಬಿಟ್ಟು ಹೋಗುತ್ತೆ ಅನ್ನೋ ಹೆದರಿಕೆ ಐವತ್ತು ವರ್ಷ ಕಳೆದರೂ ಮಾಲೀಕರಿಗೆ ಹೋಗಿಲ್ಲ.

ಹಾಗಾಗಿ ಮಾವನಿಗೆ ಆ ಎರಡು ಎಕರೆಗೆ ಎಫ್‌ಐಡಿ ಇಲ್ಲ, ಬರ ಪರಿಹಾರ ಇಲ್ಲ, ಸೊಸೈಟಿಯ ಬಡ್ಡಿಯಿಲ್ಲದ ಬೆಳೆ ಸಾಲ ಇಲ್ಲ. ಬೆಳೆ ವಿಮೆ ಯೋಜನೆಯ ನಿಯಮದಲ್ಲಿ ಗೇಣಿದಾರರೂ ಸೇರಬಹುದು ಅಂತಲೇ ಇದೆ, ಆದರೆ ದಾಖಲೆ ಕೊಡಬೇಕು. ದಾಖಲೆ ಮಾಡೋದೇ ನಿಷೇಧ ಅಂದಮೇಲೆ ಎಲ್ಲಿಂದ ತರೋದು?

ದಾಖಲೆ ಸರಿಯಾದ ಮೇಲಿನ ಮೊದಲ ಮುಂಗಾರಿಗೆ ನಾಲ್ಕೂ ಎಕರೆಗೆ ಅಮ್ಮನ ಹೆಸರಲ್ಲಿ ವಿಮೆ ಕಟ್ಟಿಸಿದೆ. ಮುಂಗಾರಿನ ಧಾನ್ಯ, ಎಣ್ಣೆಕಾಳು ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 2, ಉಳಿದದ್ದು ಕೇಂದ್ರ, ರಾಜ್ಯ ಹಾಕುತ್ತವೆ. ಕೋರಿನ ಎರಡು ಎಕರೆಯ ಕಂತಿನಲ್ಲಿ ಅರ್ಧವನ್ನ ಮಾವ ತಂದುಕೊಟ್ಟರು, ಅಮ್ಮ ಕೇಳಿರಲಿಲ್ಲ.

ಆ ವರ್ಷ ಇಳುವರಿ ಕೈಕೊಟ್ಟಿತು. ವಿಮೆ ನಿಮ್ಮ ಹೊಲ ನೋಡಿ ಬರೋದಲ್ಲ. ನಮ್ಮ ಶೇಂಗಾಕ್ಕೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಿ, ಆ ಸರಾಸರಿಯನ್ನ ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿಯಿಂದ ಲೆಕ್ಕ ಹಾಕಿದ ಮಟ್ಟಕ್ಕೆ ಹೋಲಿಸುತ್ತಾರೆ. ಕಡಿಮೆ ಬಂದರೆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರಿಗೂ ಬರುತ್ತೆ, ಇಲ್ಲದಿದ್ದರೆ ನಿಮ್ಮೊಬ್ಬರ ಹೊಲ ಪೂರ್ತಿ ಹೋಗಿದ್ದರೂ ಕಷ್ಟ. ನಮ್ಮ ಅದೃಷ್ಟಕ್ಕೆ ಲೆಕ್ಕ ಸರಿಬಂತು. ಮುಂದಿನ ವರ್ಷ ಹಣ ಬಿತ್ತು, ಅಮ್ಮನ ಖಾತೆಗೆ, ನಾಲ್ಕು ಎಕರೆಯದ್ದೂ ಒಟ್ಟಿಗೆ.

ಅಮ್ಮ ಬ್ಯಾಂಕಿನಿಂದ ನೇರ ಮಾವನ ಮನೆಗೆ ಹೋಗಿ ಎರಡು ಎಕರೆಯ ಅರ್ಧ ಎಣಿಸಿ ಕೊಟ್ಟು ಬಂದಳು. ಫೋನಿನಲ್ಲಿ ಇದನ್ನ ಹೇಳಿದಾಗ ನಾನು ಕೇಳಿದೆ, "ಮತ್ತೆ ಕಿಸಾನ್ ದುಡ್ಡಲ್ಲಿ ಅವರಿಗೆ ಪಾಲು?"

"ಅದ್ಯಾಕೆ? ಅದು ಪಹಣಿ ದುಡ್ಡು. ಇದು ಬೆಳೆ ದುಡ್ಡು. ಬೆಳೆ ಇಬ್ರುದೂ ಅಲ್ವಾ?"

"2023ರಲ್ಲಿ ಬರ ಪರಿಹಾರ ಬಂದಿದ್ರೆ?"

"ಒಣಗಿದ್ದೂ ಇಬ್ರುದೂ. ಅರ್ಧ ಕೊಡ್ತಿದ್ದೆ."

ಎಷ್ಟೋ ಸಮಿತಿಗಳು ಕೂತು ಬಗೆಹರಿಸಲಾಗದ ವಿಷಯವನ್ನ ಅಮ್ಮ ಎರಡು ಮಾತಿನಲ್ಲಿ ಮುಗಿಸಿದಳು. ಭೂಮಿ ಇದೆ ಅನ್ನೋ ಕಾರಣಕ್ಕೆ ಬರೋದು ಒಂದು. ಬೆವರು ಸುರಿಸಿದ್ದು ಹಾಳಾಯಿತು ಅಂತ ಬರೋದು ಇನ್ನೊಂದು. ಸರ್ಕಾರದ ಕಂಪ್ಯೂಟರಿನಲ್ಲಿ ಎರಡೂ ಒಂದೇ ಹೆಸರಿಗೆ ಹೋಗುತ್ತವೆ.

ನಿಮ್ಮಮ್ಮ ಇರೋತನಕ

ಮುಂದಿನ ಸಲ ಊರಿಗೆ ಹೋದಾಗ ಮಾವ ಸಿಕ್ಕರು. ವಿಮೆ ಹಣದಲ್ಲಿ ಮಗನ ಐಟಿಐ ಫೀಸು ಕಟ್ಟಿದ್ದಾಗಿ ಹೇಳಿದರು. ನಾನು ಏನೋ ದೊಡ್ಡ ಕೆಲಸ ಆಯಿತು ಅನ್ನೋ ಹಾಗೆ ಖುಷಿಪಟ್ಟೆ. ಅವರು ಬೀಡಿ ಹಚ್ಚಿ, ನಿಧಾನಕ್ಕೆ ಅಂದರು:

"ನಿಮ್ಮಮ್ಮ ಇರೋತನಕ ಸರಿ ಕಣವ್ವ. ಆಮೇಲೆ ನೀವು ಪಟ್ನದೋರು."

ನನಗೆ ಉತ್ತರ ಇರಲಿಲ್ಲ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ತಟ್ಟಿದ್ದು. ಒಬ್ಬ ಮನುಷ್ಯನ ಬದುಕು ಇನ್ನೊಬ್ಬಳ ಒಳ್ಳೆಯತನದ ಮೇಲೆ ನಿಂತಿದೆ. ಅವಳ ಆಯಸ್ಸಿನಷ್ಟೇ ಅದರ ಆಯಸ್ಸು. ಊರಲ್ಲಿ ಪರಿಹಾರದ ಹಣ ಪೂರ್ತಿ ಇಟ್ಟುಕೊಂಡ ಮಾಲೀಕರೂ ಇದ್ದಾರೆ. ಅವರು ಕಾನೂನಿನ ಪ್ರಕಾರ ಯಾವ ತಪ್ಪೂ ಮಾಡಿಲ್ಲ.

ಬೇರೆ ದಾರಿ ಇಲ್ಲವೇ ಇಲ್ಲ ಅಂತೇನಲ್ಲ. ನಮ್ಮ ತಾಲ್ಲೂಕಿನ ಪೂರ್ವಕ್ಕೆ ಆಂಧ್ರದ ಅನಂತಪುರ ಜಿಲ್ಲೆ. ಅಲ್ಲೂ ಇದೇ ಕೆಂಪು ಮಣ್ಣು, ಇದೇ ಶೇಂಗಾ. ಆಂಧ್ರ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆ ತಂದಿತು. ಗೇಣಿದಾರನಿಗೆ ಹನ್ನೊಂದು ತಿಂಗಳ ಕಾರ್ಡು. ಭೂಮಿಯ ಮೇಲೆ ಹಕ್ಕು ಬರಲ್ಲ, ಆದರೆ ಬೆಳೆ ಸಾಲ, ವಿಮೆ, ಪರಿಹಾರ ಕೇಳಬಹುದು. ಒಡಿಶಾ ಅದೇ ಹೊತ್ತಿಗೆ 'ಕಾಲಿಯಾ' ಯೋಜನೆಯಲ್ಲಿ ಪಾಲುಗಾರರನ್ನೂ, ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿತು. ತೆಲಂಗಾಣ 2018ರಲ್ಲಿ ಎಕರೆ ಲೆಕ್ಕದಲ್ಲಿ ದುಡ್ಡು ಕೊಡಲು ಶುರುಮಾಡಿದ 'ರೈತು ಬಂಧು' ಮಾತ್ರ ನಮ್ಮ ಹಾಗೇ, ಪಟ್ಟಾ ಇದ್ದವರಿಗೆ ಅಷ್ಟೇ ಇತ್ತು. ಆಂಧ್ರದ ಕಾರ್ಡಿಗೂ ಮಾಲೀಕರ ಸಹಿ ಬೇಕು. ಹೆದರಿಕೊಂಡು ಸಹಿ ಹಾಕದವರಿಂದ ಅಲ್ಲೂ ಬಹಳ ಜನ ಹೊರಗುಳಿದಿದ್ದಾರೆ. ಆದರೂ ಸಹಿ ಹಾಕಲು ಒಂದು ಕಾಗದವಾದರೂ ಇದೆ. ನಮ್ಮಲ್ಲಿ ನಾನು ಸಹಿ ಹಾಕ್ತೀನಿ ಅಂದರೂ ಎಲ್ಲಿ ಹಾಕಲಿ?

ತಮ್ಮನ ಜೊತೆ ಇದನ್ನ ಮಾತಾಡಿದ್ದೀನಿ. ಅಮ್ಮನ ನಂತರ ಹೊಲ ಯಾರ ಹೆಸರಿಗೆ ಬಂದರೂ ಬೆಳೆ ದುಡ್ಡು ಅರ್ಧ ಮಾವನ ಮನೆಗೆ ಅಂತ ನಮ್ಮ ನಮ್ಮಲ್ಲಿ ಮಾತಾಗಿದೆ. ಅದನ್ನ ಮಾವನಿಗೂ ಹೇಳಿದೆವು. ಅವರು ನಕ್ಕರು. ಬಾಯಿ ಮಾತು ಎಷ್ಟು ದಿನ ನಡೆಯುತ್ತೆ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಕೈಲಿರೋದು ಸದ್ಯಕ್ಕೆ ಇಷ್ಟೇ. ಕಾನೂನು ಬದಲಾಗಲಿ ಅಂತ ಕೇಳೋದು, ಬದಲಾಗುವ ತನಕ ಮಾತು ಉಳಿಸಿಕೊಳ್ಳೋದು.

ನಿಮಗೂ ಊರಲ್ಲಿ ಹೊಲ ಇದ್ದರೆ ಮುಂದಿನ ಹಬ್ಬಕ್ಕೆ ಹೋದಾಗ ಒಂದು ಪಹಣಿ ತೆಗೆಸಿ ಓದಿ. ಒಂಬತ್ತನೇ ಕಾಲಂನಲ್ಲಿ ಇರೋರು ಬದುಕಿದ್ದಾರಾ ನೋಡಿ. ಹೊಲ ಮಾಡ್ತಿರೋದು ಅಮ್ಮನೋ ಅತ್ತಿಗೆಯೋ ಆಗಿದ್ದರೆ ಅವರ ಹೆಸರು ಎಲ್ಲಾದರೂ ಇದೆಯಾ ಹುಡುಕಿ. ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆ ಕೇಳಿ. ಕೋರಿಗೋ ಗುತ್ತಿಗೆಗೋ ಕೊಟ್ಟಿದ್ದರೆ, ಹೋದ ವರ್ಷ ಬಂದ ಪರಿಹಾರ ಯಾರ ಮನೆಯಲ್ಲಿ ಉಳಿಯಿತು ಅಂತ ಮನೆಯಲ್ಲಿ ಒಂದು ಮಾತು ಎತ್ತಿ. ಸ್ವಲ್ಪ ಮುಜುಗರ ಆಗುತ್ತೆ, ಆಗಲಿ.

ಈ ಸಲದ ಬೆಳೆ ಸಮೀಕ್ಷೆಗೆ ಆ್ಯಪ್ ಹಿಡಿದು ಹೊಲಕ್ಕೆ ಹೋಗಿದ್ದು ನಾನೇ. ಸರ್ವೆ ನಂಬರಿನ ಗಡಿಯೊಳಗೆ ನಿಂತರೆ ಮಾತ್ರ ಅದು ಫೋಟೊ ತೆಗೆಯಲು ಬಿಡುತ್ತೆ. ಕಾಯಿ ಕಟ್ಟಿದ್ದು ಕಾಣಲಿ ಅಂತ ಮಾವ ಕೂತು ಒಂದು ಗಿಡ ಕಿತ್ತು ಹಿಡಿದರು. ಫೋಟೊದಲ್ಲಿ ಶೇಂಗಾ ಇದೆ, ಮಣ್ಣಿದೆ, ಅವರ ಕೈ ಇದೆ. ಹೆಸರು ಕೇಳಿದ ಜಾಗದಲ್ಲಿ ಅಮ್ಮನದು.